ಒಳಗಿನ ಸಾಸಿವೆ ದಾರ

ನಾನು ಒಂದು ಸ್ವೆಟರ್. ಬಣ್ಣ ಯಾವುದೆಂದು ಮಾತ್ರ ಕೇಳಬೇಡಿ, ಆ ಪ್ರಶ್ನೆಗೇ ನನ್ನ ಅರ್ಧ ಆಯುಷ್ಯ ಸವೆದಿದೆ. ಹುಬ್ಬಳ್ಳಿಯ ಗುರುಸಿದ್ದವ್ವ ಮಗಳು ದಾಕ್ಷಾಯಣಿಗೆಂದು ನನ್ನನ್ನು ಹೆಣೆದಳು. ಸಾಸಿವೆ ಬಣ್ಣದ ಉಣ್ಣೆ. ತೋಳು ಜೋಡಿಸುವ ಹೊತ್ತಿಗೆ ಉಣ್ಣೆ ಮುಗಿಯಿತು. ಮತ್ತೆ ಪೇಟೆಗೆ ಹೋಗಲು ಮುದುಕಿಗೆ ಬೇಸರ. ಅದೇ ಬಣ್ಣದ ಪಾಲಿಸ್ಟರ್ ದಾರವನ್ನು ಸೂಜಿಗೆ ಪೋಣಿಸಿ ಭುಜವನ್ನೂ ಪಕ್ಕೆಯನ್ನೂ ಹೊಲಿದುಬಿಟ್ಟಳು.

"ಒಳಗಿಂದು ಯಾರು ನೋಡ್ತಾರ ಬಿಡು" ಎಂದಳು. ಮರುವರ್ಷ ಆಕೆ ತೀರಿಕೊಂಡಳು.

ದಾಕ್ಷಾಯಣಿ ಪೇಟೆಯ ಒಂದು ಬಟ್ಟೆ ಅಂಗಡಿಯಲ್ಲಿ ಮುಂದಿನ ಕೌಂಟರಿನವಳು. ಅಲ್ಲಿ ಸಾವಕಾರ ಕೊಟ್ರಪ್ಪನವರ ಒಂದು ಕಟ್ಟಳೆಯಿತ್ತು. ದೀಪಾವಳಿ ಮುಗಿದು ಚಳಿ ಬಿತ್ತೆಂದರೆ ಗಾಜಿನೊಳಗಿನ ಬೊಂಬೆಗಳು ಆ ವರ್ಷ ನಡೆಯುವ ಬಣ್ಣ ತೊಡುತ್ತಿದ್ದವು. ಮುಂದೆ ನಿಲ್ಲುವ ಹೆಣ್ಣುಮಕ್ಕಳೂ ಅದನ್ನೇ ತೊಡಬೇಕು. ಇಲ್ಲದವರು ಹಿಂದಿನ ಪ್ಯಾಕಿಂಗ್ ಕೋಣೆಗೆ. ಹಾಗೆ ಹಿಂದೆ ಹೋದವರನ್ನು ಸಂಕ್ರಾಂತಿಗೆ ಎಳ್ಳು ಬೆಲ್ಲ ಕೊಟ್ಟು ಮನೆಗೆ ಕಳಿಸುತ್ತಿದ್ದರು, ಮತ್ತೆ ಕರೆಯುತ್ತಿರಲಿಲ್ಲ. ಗಂಡನಿಲ್ಲದ, ಒಬ್ಬ ಮಗಳಿರುವ ದಾಕ್ಷಾಯಣಿಗೆ ಆ ಕೆಲಸ ಹೋದರೆ ಬೇರೆ ದಿಕ್ಕಿರಲಿಲ್ಲ.

ಮೊದಲ ವರ್ಷ ನನ್ನ ಪುಣ್ಯ, ಸಾಸಿವೆ ಬಣ್ಣವೇ ನಡೆಯಿತು. ಏನು ಮೆರೆದೆ ಅಂತೀರಿ. ಮರುವರ್ಷ ಇಟ್ಟಿಗೆ ಕೆಂಪು ಬಂತು. ಹೊಸದು ಕೊಳ್ಳಬಾರದಿತ್ತೇ ಎಂದು ನೀವು ಕೇಳಬಹುದು. ಅವ್ವ ಹೆಣೆದದ್ದು ಮೈಮೇಲಿಲ್ಲದೆ ನಾಲ್ಕು ಜನರ ಮುಂದೆ ನಿಲ್ಲಲು ಅವಳಿಗೆ ಧೈರ್ಯವೇ ಬರುತ್ತಿರಲಿಲ್ಲ. ನನ್ನನ್ನು ಎತ್ತಿಕೊಂಡು ಬಣ್ಣ ಹಾಕುವ ಇಮಾಮಸಾಬರ ಹತ್ತಿರ ಓಡಿದಳು. ಅವರು ನನ್ನನ್ನು ಹಂಡೆಯಲ್ಲಿ ಮುಳುಗಿಸಿದರು. ಇಟ್ಟಿಗೆಯಾದೆ. ಆಮೇಲಿನ ವರ್ಷ ಬದನೇಕಾಯಿಯಾದೆ, ಅದರ ಮುಂದಿನ ವರ್ಷ ಕಪ್ಪಾದೆ. ಪ್ರತಿ ಸಲ ಮೈ ಒಂದು ಬೆರಳು ಕುಗ್ಗುತ್ತಿತ್ತು. ಪಾಲಿಸ್ಟರ್ ದಾರಕ್ಕೆ ಮಾತ್ರ ಆ ಬಣ್ಣ ಹತ್ತಲೇ ಇಲ್ಲ. ಹೊರಗೆ ನಾನು ಯಾರೋ, ಒಳಗೆ ಇನ್ಯಾರೋ. ಬೇಸಿಗೆಯಿಡೀ ಟ್ರಂಕಿನಲ್ಲಿ ಮಲಗಿದರೂ ನಿದ್ದೆಯಿಲ್ಲ, ಈ ಸಲ ಯಾವ ಬಣ್ಣವೋ ಎಂಬ ಚಿಂತೆ.

ಅವಳ ಕೆಲಸದ ರೀತಿ ಹೇಳದಿದ್ದರೆ ತಪ್ಪಾಗುತ್ತದೆ. ಅಂಗಡಿಯ ದೀಪದಲ್ಲಿ ಅವಳು ಯಾರಿಗೂ ಬಣ್ಣ ಒಪ್ಪಿಸಿದವಳಲ್ಲ. "ಬಾಗಲಕ್ಕ ಬರ್ರಿ, ಬಿಸಲಾಗ ನೋಡೋಣು" ಎಂದು ಗಿರಾಕಿಗಳನ್ನು ಹೊಸ್ತಿಲಿಗೆ ಕರೆದೊಯ್ಯುವಳು. ಒಪ್ಪದಿದ್ದರೆ ಒಪ್ಪುವುದಿಲ್ಲವೆಂದು ಹೇಳುವಳು. ಅವಳ ಜೊತೆ ಬಾಗಿಲಿಗೂ ಕೌಂಟರಿಗೂ ದಿನಕ್ಕೆ ನೂರು ಸಲ ನಾನೂ ಓಡಾಡುತ್ತಿದ್ದೆ.

ಐದನೆಯ ಚಳಿಗೆ ಸಾವಕಾರರು ಕರೆದು ಹೇಳಿದರು, "ನೋಡವಾ, ಈ ವರ್ಷ ಹಾಲಿನ ಕೆನಿ ಬಣ್ಣ ನಡದೈತಿ. ಸೋಮವಾರದಿಂದ ಕರೀದು ಬ್ಯಾಡ."

ಇಮಾಮಸಾಬರು ನನ್ನನ್ನು ತಿರುಗಿಸಿ ಮುರುಗಿಸಿ ನೋಡಿ ತಲೆಯಾಡಿಸಿದರು. "ಯವ್ವಾ, ಬಣ್ಣ ಏರಸಾಕ ಬರತೈತಿ, ಇಳಸಾಕ ಬರೂದಿಲ್ಲ. ಉಣ್ಣಿ ಜೀವ ಸಣ್ಣದು. ಇದನ್ನ ಹಿಂಗs ಬಿಡು."

ಅವಳು ಬಿಡಲಿಲ್ಲ. ಆತುರಗಾರನಿಗೆ ಬುದ್ಧಿ ಮಟ್ಟ ಎನ್ನುತ್ತಾರಲ್ಲ, ಹಾಗಾಯಿತು. ಭಾನುವಾರ ಬೆಳಿಗ್ಗೆ ಪಾತ್ರೆಯಲ್ಲಿ ನೀರಿಟ್ಟು ವಾಷಿಂಗ್ ಸೋಡಾ ಸುರಿದು ನನ್ನನ್ನು ಕುದಿಸಿದಳು. ಕೋಲಿನಿಂದ ತಿರುವಿದಳು, ತಿಕ್ಕಿದಳು. ಆ ಸಂಕಟ ನನ್ನ ಶತ್ರುವಿಗೂ ಬೇಡ. ಹೊರಗೆ ತೆಗೆದಾಗ ನನ್ನ ಮೈ ಕಂಬಳಿಯಂತೆ ದಪ್ಪಗಟ್ಟಿ, ಬೂದಿಗಪ್ಪಾಗಿ, ಆರು ವರ್ಷದ ಮಗುವಿನ ಅಳತೆಗೆ ಇಳಿದಿತ್ತು. ದಾಕ್ಷಾಯಣಿ ಒದ್ದೆ ನೆಲದಲ್ಲೇ ಕುಳಿತು ಅತ್ತಳು. "ನಿನ್ನ ಕೈಯಾರೆ ಮಾಡಿದ್ದನ್ನ ನನ್ನ ಕೈಯಾರೆ ಕೆಡಿಸಿದ್ನೆವ್ವಾ" ಎಂದಳು. ಅವಳ ಮೇಲೆ ನನಗೆ ಸಿಟ್ಟು ಬರಲಿಲ್ಲ.

ಸೋಮವಾರ ಬರೀ ಸೀರೆಯಲ್ಲಿ ಹೋಗಿ, ಚೀಲದಿಂದ ನನ್ನನ್ನು ತೆಗೆದು ಸಾವಕಾರರ ಮುಂದಿಟ್ಟಳು. "ಇದಕ್ಕಿಂತ ಹೆಚ್ಚು ನನ್ನಿಂದ ಆಗೂದಿಲ್ರಿ." ಅವರು ಕೆಟ್ಟವರೇನಲ್ಲ. ನನ್ನನ್ನು ಮೆಲ್ಲಗೆ ಮಡಿಸಿ ಅವಳ ಕೈಗೇ ಕೊಟ್ಟರು. ಆದರೆ ಕಟ್ಟಳೆ ಕಟ್ಟಳೆಯೇ. ಅವಳನ್ನು ಪ್ಯಾಕಿಂಗ್ ಕೋಣೆಗೆ ಕಳಿಸಿದರು. ನಾನಿದ್ದ ಚೀಲ ಅಲ್ಲಿನ ಮೊಳೆಗೆ ನೇತುಬಿತ್ತು. ಎಂಟು ದಿನ ಅವಳು ಡಬ್ಬಿಗಳನ್ನು ಕಟ್ಟಿದಳು. ಸಂಕ್ರಾಂತಿಗೆ ಇನ್ನೆಷ್ಟು ದಿನವೆಂದು ಒಬ್ಬಳೇ ಬೆರಳು ಮಡಿಸುತ್ತಿದ್ದಳು.

ಒಂಬತ್ತನೆಯ ದಿನ ಮುಂದಿನಿಂದ ಹಿರಿಯ ಹೆಂಗಸೊಬ್ಬರ ದನಿ ಕೇಳಿಸಿತು. "ಬಾಗಲಕ್ಕ ಕರಕೊಂಡು ಹೋಗಿ ಬಣ್ಣ ತೋರಸ್ತಿದ್ಲಲ್ಲ, ಆಕಿ ಎಲ್ಲಿ? ಈ ಹುಡುಗ್ಯಾರು ಎಲ್ಲಾ ಚಂದ ಅಂತಾರ. ಆಕಿ ನೋಡಿ ಹೇಳದ ಹೊರ್ತು ನಾ ಶಾಲು ಒಯ್ಯೂದಿಲ್ಲ." ಮರುದಿನ ಇನ್ನಿಬ್ಬರು ಅದನ್ನೇ ಕೇಳಿದರು. ಸಾವಕಾರರು ತಾವೇ ಪ್ಯಾಕಿಂಗ್ ಕೋಣೆಯ ಬಾಗಿಲಿಗೆ ಬಂದು ನಿಂತರು.

"ಬರ್ತೀನ್ರಿ" ಎಂದಳು ದಾಕ್ಷಾಯಣಿ. "ಆದ್ರ ಮಾಲಿನ ಬಣ್ಣ ನಾ ತೊಡೂದಿಲ್ಲ. ಗಿರಾಕಿಗೆ ತೋರಸ್ತೀನಿ."

"ಆತು, ಮೊದಲ ಮುಂದ ಬಾ."

ಅಂದು ಸಂಜೆ ಮನೆಯಲ್ಲಿ ಚೀಲ ತಡಕಿದ ಮಗಳು ತ್ರಿವೇಣಿ ನನ್ನನ್ನು ತೊಟ್ಟುಕೊಂಡಳು. ಅಳತೆ ಸರಿಯಾಗಿತ್ತು. ಆದರೆ ಒಳಗು ಹೊರಗಾಗಿತ್ತು. ಉಣ್ಣೆ ಕುಗ್ಗಿದರೂ ದಾರ ಕುಗ್ಗಿರಲಿಲ್ಲ. ಭುಜದಿಂದ ಪಕ್ಕೆಯವರೆಗೆ ಸಾಸಿವೆ ಬಣ್ಣದ ಹೊಲಿಗೆ ಸಡಿಲವಾಗಿ ಎದ್ದು ನಿಂತಿತ್ತು.

"ಉಲ್ಟಾ ತೊಟ್ಟೀಯಲ್ಲ" ಎಂದು ಬಂದ ದಾಕ್ಷಾಯಣಿ ಅಲ್ಲೇ ನಿಂತಳು. ಐದು ವರ್ಷ ನೋಡಿಯೂ ಕಾಣದಿದ್ದ ಹೊಲಿಗೆಯ ಮೇಲೆ ಬೆರಳಾಡಿಸಿದಳು. "ಇದು ನಿಮ್ಮಜ್ಜಿ ಹಾಕಿದ್ದು. ಇದರ ಬಣ್ಣ ಹೋಗೇ ಇಲ್ಲ ನೋಡು."

"ಹಂಗಾರ ಇದು ಉಲ್ಟಾ ಅಲ್ಲವ್ವಾ, ಇದs ಸೀದಾ" ಎಂದಳು ಮಗಳು.

ಈಗ ನಾನು ತ್ರಿವೇಣಿಗೂ ಚಿಕ್ಕದಾಗಿದ್ದೇನೆ. ಟ್ರಂಕಿನಲ್ಲಿ ನುಸಿಗುಳಿಗೆಗಳ ಜೊತೆ ಬಿದ್ದಿದ್ದೇನೆ. ಚಳಿಗಾಳಿ ಬೀಸಿತೆಂದರೆ ಹಳೆಯ ಚಟ, ಈ ಸಲ ಯಾವ ಬಣ್ಣವೋ ಎಂದು ಎಳೆ ಎಳೆಯೂ ಚಡಪಡಿಸುತ್ತದೆ. ದಾಕ್ಷಾಯಣಿ ವರ್ಷಕ್ಕೊಮ್ಮೆ ನನ್ನನ್ನು ತೆಗೆದು ಬಾಗಿಲಿಗೆ ಒಯ್ದು ಬಿಸಿಲಿಗೆ ಹಿಡಿಯುತ್ತಾಳೆ. ಮತ್ತೆ ಮಡಿಸುವಾಗ ಹೊಲಿಗೆಯನ್ನು ಮೇಲೆ ಬಿಟ್ಟೇ ಮಡಿಸುತ್ತಾಳೆ.