ಮೂಲೆಯ ಸಹಿ

ಬಣ್ಣದಂಗಡಿಯವನು ನನ್ನ ಚೆಕ್ಕನ್ನು ಎರಡು ಬೆರಳಲ್ಲಿ ಹಿಡಿದುಕೊಂಡು ಬಂದಾಗ ನಾನು ಶಾಲೆಯೊಂದರ ಬೋರ್ಡಿಗೆ ಎರಡನೇ ಕೋಟ್ ಹಚ್ಚುತ್ತಿದ್ದೆ. ಇಪ್ಪತ್ತೆಂಟು ವರ್ಷಗಳಿಂದ ಬಣ್ಣ, ಬ್ರಶ್ಶು, ವಾರ್ನಿಶು ಎಲ್ಲ ಅವನ ಅಂಗಡಿಯಿಂದಲೇ. ತಿಂಗಳಿಗೊಂದು ಚೆಕ್ಕು ಬರೆದುಕೊಡುತ್ತೇನೆ, ಒಂದು ದಿನವೂ ಅದರ ಬಗ್ಗೆ ಎರಡನೇ ಮಾತು ಬಂದದ್ದಿಲ್ಲ. ಇವತ್ತು ಅವನಿಗೇ ನಾಚಿಕೆಯಾಗಿತ್ತು. ಚೆಕ್ಕಿಗೆ ಪಿನ್ನು ಚುಚ್ಚಿದ್ದ ಸಣ್ಣ ಚೀಟಿಯನ್ನು ನನ್ನ ಕಡೆ ತಿರುಗಿಸಿ ಹಿಡಿದ. ‘ಸಹಿ ಹೊಂದುತ್ತಿಲ್ಲ’ ಎಂದಿತ್ತು. ಕೆಳಗೆ ಹೊಸ ಬ್ಯಾಂಕಿನ ಸೀಲು.

ನನ್ನ ಸಹಿ ನನಗೇ ಹೊಂದುತ್ತಿಲ್ಲವಂತೆ. ಪಿತ್ತ ನೆತ್ತಿಗೇರಿತು.

ನಮ್ಮ ಬೀದಿಯ ಬ್ಯಾಂಕು ತನ್ನ ಶಾಖೆಯನ್ನು, ಅದರೊಳಗಿನ ನಮ್ಮನ್ನೆಲ್ಲ ಸೇರಿಸಿ, ಇನ್ನೊಂದು ಬ್ಯಾಂಕಿಗೆ ವಹಿಸಿಕೊಟ್ಟು ಆಗ ಮೂರು ವಾರವಾಗಿತ್ತು. ಅದಕ್ಕೂ ಮುಂಚೆ ಮನೆ ಮನೆಗೆ ಒಂದು ಕಾಗದ ಬಂದಿತ್ತು. ನಿಮ್ಮ ಖಾತೆ ಭದ್ರವಾಗಿದೆ, ಖಾತೆಯ ನಂಬರು ಬದಲಾಗುವುದಿಲ್ಲ, ನೀವು ಏನನ್ನೂ ಮಾಡಬೇಕಾಗಿಲ್ಲ ಎಂದು ಅದರಲ್ಲಿ ದಪ್ಪಕ್ಷರದಲ್ಲಿ ಅಚ್ಚು ಹಾಕಿದ್ದರು. ನಾನೋ, ಹೇಳಿದ ಮಾತು ಕೇಳುವ ಮನುಷ್ಯ. ಏನನ್ನೂ ಮಾಡಿರಲಿಲ್ಲ.

ನನ್ನ ಕೆಲಸ ಬೋರ್ಡು ಬರೆಯುವುದು. ಈ ಬೀದಿಯ ಕಟಿಂಗ್ ಶಾಪಿನಿಂದ ಹಿಡಿದು ಆ ತುದಿಯ ಹಲ್ಲಿನ ಡಾಕ್ಟರವರೆಗೆ ಅರ್ಧಕ್ಕರ್ಧ ಬೋರ್ಡುಗಳು ನನ್ನವೇ. ಜನ ನನ್ನನ್ನು ಬೋರ್ಡ್ ಮೇಷ್ಟ್ರು ಅನ್ನುತ್ತಾರೆ. ನನಗೊಂದು ಹಟವಿದೆ: ಬೋರ್ಡು ಎಷ್ಟೇ ಚಿಕ್ಕದಿರಲಿ, ಕೆಳಗಿನ ಬಲಮೂಲೆಯಲ್ಲಿ ನನ್ನ ಸಹಿ ಬೀಳದೆ ಅದು ಶೆಡ್ಡಿನಿಂದ ಆಚೆ ಹೋಗುವುದಿಲ್ಲ. ಹೆಸರಿನ ಮೊದಲಕ್ಷರ, ಅದರಡಿಗೆ ಒಂದೇ ಉಸಿರಿಗೆ ಎಳೆದ ಗೆರೆ, ಗೆರೆಯ ತುದಿಗೊಂದು ಸುಳಿ, ಪಕ್ಕದಲ್ಲಿ ಇಸವಿ. ಎಲ್ಲ ಸೇರಿ ಅಕ್ಕಿಕಾಳಿಗಿಂತ ಒಂಚೂರು ದೊಡ್ಡದು. ನೋಡುವವರು ಯಾರೂ ಇಲ್ಲ, ಆದರೂ ಹಾಕುತ್ತೇನೆ. ಇಸವಿಯೊಂದು ಬಿಟ್ಟರೆ ಬ್ಯಾಂಕಿನಲ್ಲೂ ಅದೇ ಸಹಿ.

ಏಳು ವರ್ಷದ ಹಿಂದೆ ಅಟ್ಟಣಿಗೆಯಿಂದ ಬಿದ್ದು ಬಲಗೈ ಮಣಿಕಟ್ಟು ಪುಡಿಯಾಯಿತು. ಮೂಳೆ ಕೂಡಿತು, ಬೆರಳು ಕೂಡಲಿಲ್ಲ. ಇನ್ನು ಮುಗಿಯಿತು ಎಂದು ಎಲ್ಲರೂ ಕೈಬಿಟ್ಟರು, ಹೆಂಡತಿಯೊಬ್ಬಳು ಮಾತ್ರ ಹಳೇ ಪೇಪರಿನ ಕಟ್ಟನ್ನು ಮುಂದೆ ತಂದು ಹಾಕಿ ಎಡಗೈಯಲ್ಲಿ ಬರೀರಿ ಅಂದಳು. ಎಂಟು ತಿಂಗಳು ಬರೆದೆ. ಮೊದಲ ತಿಂಗಳು ನನ್ನ ಅಕ್ಷರ ನೋಡಿ ನನಗೇ ಅಳು ಬರುತ್ತಿತ್ತು. ಎಡಗೈ ಗೆರೆಯನ್ನು ಆಚೆಗೆ ತಳ್ಳಲು ಒಪ್ಪಲಿಲ್ಲ, ತನ್ನ ಕಡೆಗೇ ಎಳೆಯಿತು, ಹಾಗಾಗಿ ಬಲತುದಿಯಲ್ಲಿದ್ದ ಸುಳಿ ಎಡತುದಿಗೆ ಬಂತು. ಇರಲಿ, ಇದೇ ನನ್ನ ಸಹಿ ಅಂದುಕೊಂಡೆ. ಹೆಂಡತಿ ಈಗಿಲ್ಲ. ಆ ಸಹಿ ಇದೆ.

ಹಳೆಯ ಬ್ಯಾಂಕಿನಲ್ಲಿ ಆಗ ಒಬ್ಬರು ಮೇಡಂ ಇದ್ದರು. ಕಟ್ಟುನಿಟ್ಟಿನ ಹೆಂಗಸು, ನಗುವುದೂ ಅಳೆದು ತೂಗಿಯೇ. ನನ್ನ ಕೈ ನೋಡಿ ಒಂದು ಬಿಳಿ ಚೀಟಿ ಕೊಟ್ಟು ಮೂರು ಸಲ ಎಡಗೈ ಸಹಿ ಹಾಕಿಸಿಕೊಂಡರು. ಅದನ್ನು ನನ್ನ ಹಳೆಯ ಸಹಿಯ ಕಾರ್ಡಿನ ಮೇಲೆ ಗೋಂದಿನಿಂದ ಅಂಟಿಸಿ, ಸೀಲು ಒತ್ತಿ, ಕಾರ್ಡನ್ನು ಮರದ ಡ್ರಾಯರಿನಲ್ಲಿಟ್ಟರು. ಅಂದಿನಿಂದ ನನ್ನ ಚೆಕ್ಕು ಬಂದರೆ ಕಂಪ್ಯೂಟರನ್ನು ಯಾರೂ ಕೇಳುತ್ತಿರಲಿಲ್ಲ, ಡ್ರಾಯರು ಎಳೆದು ನೋಡುತ್ತಿದ್ದರು. ಅಷ್ಟೇ ಅಲ್ಲ, ಎಡಗೈಗೆ ಮೊದಲ ಕೆಲಸ ಕೊಟ್ಟದ್ದೂ ಅವರೇ. ಬ್ಯಾಂಕಿನ ಒಳಗೆ ತೂಗುಹಾಕಲು ನಾಲ್ಕು ಮರದ ಬೋರ್ಡು ಬರೆಸಿದರು. ಶಾಖೆ ಕೈಬದಲಾಗುವುದಕ್ಕೆ ಎರಡು ವರ್ಷ ಮುಂಚೆ ಅವರು ನಿವೃತ್ತರಾಗಿ ಬೇರೆ ಊರಿಗೆ ಹೋದರು.

ಹೊಸ ಬ್ಯಾಂಕಿಗೆ ದಾಟಿದ್ದು ಕಂಪ್ಯೂಟರಿನಲ್ಲಿದ್ದದ್ದು ಮಾತ್ರ. ಡ್ರಾಯರಿನ ಕಾರ್ಡುಗಳನ್ನು ಚೀಲಕ್ಕೆ ತುಂಬಿ ಎಲ್ಲಿಗೋ ಸಾಗಿಸಿದ್ದರು. ಎಲ್ಲಿಗೆ ಎಂದು ಕೇಳಿದರೆ ಹಳಬರು ಹೊಸಬರ ಕಡೆಗೂ ಹೊಸಬರು ಹಳಬರ ಕಡೆಗೂ ಕೈ ತೋರಿಸುತ್ತಿದ್ದರು.

ಮೊದಲ ಸಲ ಹೋದಾಗ ಗಾಜಿನ ಹಿಂದೆ ಕೂತಿದ್ದ ಎಳೆಯ ಆಫೀಸರು ಪರದೆಯನ್ನು ನನ್ನ ಕಡೆ ತಿರುಗಿಸಿದರು. ಅಲ್ಲಿದ್ದದ್ದು ನಾನು ಮದುವೆಗೂ ಮುಂಚೆ ಬಲಗೈಯಲ್ಲಿ ಹಾಕಿದ ಸಹಿ. ಎಂಥ ಗೆರೆ ಅದು, ಎಂಥ ಸುಳಿ. ನನ್ನ ಮೇಲೆ ನನಗೇ ಹೊಟ್ಟೆಕಿಚ್ಚಾಯಿತು. ಕೈ ಮುರಿದ ಕಥೆ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡು, ಹಾಗಾದರೆ ಸಹಿ ಬದಲಾವಣೆಯ ಅರ್ಜಿ ಕೊಡಿ ಎಂದು ಹಾಳೆ ಕೊಟ್ಟರು. ತುಂಬಿಸಿದೆ. ಕೊನೆಯಲ್ಲಿ ಎರಡು ಚೌಕ ಇದ್ದವು, ಒಂದರಲ್ಲಿ ಹೊಸ ಸಹಿ, ಇನ್ನೊಂದರಲ್ಲಿ ಹಳೆಯ ಸಹಿ.

“ಹಳೇ ಸಹಿ ಹಾಕೋಕೆ ಆಗಿದ್ರೆ ನಾನು ಇಲ್ಲಿಗೆ ಯಾಕೆ ಬರ್ತಿದ್ದೆ?” ಎಂದು ಕೇಳಿದೆ.

ಅವರು ಪಾಪ, ಯೋಚಿಸಿದರು. ಅದು ಇಲ್ಲದೆ ಅರ್ಜಿ ಮುಂದೆ ಹೋಗುವುದಿಲ್ಲ ಅಂದರು.

ಎರಡನೇ ಸಲ ಡಾಕ್ಟರ ಪತ್ರ, ಎಕ್ಸ್‌ರೇ ಎಲ್ಲ ಹೊತ್ತುಕೊಂಡು ಹೋದೆ. ಅವನ್ನು ಮೇಲಿನ ಕಚೇರಿಗೆ ಕಳಿಸಿದರು. ಹತ್ತು ದಿನಕ್ಕೆ ಉತ್ತರ ಬಂತು: ಗ್ರಾಹಕರಿಗೆ ಸಹಿ ಮಾಡಲು ಬಾರದ ಕಾರಣ ಹೆಬ್ಬೆಟ್ಟು ಪಡೆಯುವುದು, ಇಲ್ಲವೇ ಮನೆಯವರೊಬ್ಬರನ್ನು ಖಾತೆಗೆ ಸೇರಿಸಿ ಅವರ ಸಹಿಯಿಂದ ವ್ಯವಹಾರ ನಡೆಸುವುದು. ಹೆಬ್ಬೆಟ್ಟಿನ ಖಾತೆಗೆ ಚೆಕ್ ಪುಸ್ತಕ ಇಲ್ಲ. ಪ್ರತಿ ಸಲ ಖುದ್ದು ಬಂದು, ಸಾಕ್ಷಿಯೊಬ್ಬರನ್ನು ನಿಲ್ಲಿಸಿಕೊಂಡು ಒತ್ತಬೇಕು.

ಮಾಡಲು ಬಾರದ ಕಾರಣ. ಆ ಮೂರು ಪದ ನೋಡಿ ರಾತ್ರಿ ಊಟ ಸೇರಲಿಲ್ಲ. ಹೆಬ್ಬೆಟ್ಟು ಒತ್ತುವವರ ಬಗ್ಗೆ ನನಗೆ ಎಳ್ಳಷ್ಟೂ ತಾತ್ಸಾರವಿಲ್ಲ. ನನ್ನ ಅಮ್ಮ ಬದುಕಿದ್ದಷ್ಟು ದಿನ ಒತ್ತಿದಳು, ಒತ್ತಿದ ಮೇಲೆ ಸೆರಗಿನಲ್ಲಿ ಬೆರಳು ಉಜ್ಜಿ ಉಜ್ಜಿ ಮಸಿ ತೆಗೆಯುತ್ತಿದ್ದಳು. ನಾನು ಹಾಗೆ ಉಜ್ಜಬಾರದೆಂದು ನಾಲ್ಕು ಮನೆ ಪಾತ್ರೆ ತೊಳೆದು ನನ್ನನ್ನು ಅಕ್ಷರಕ್ಕೆ ಹಾಕಿದವಳು. ಇಡೀ ಬೀದಿಗೆ ಅಕ್ಷರ ಬರೆದ ನಾನು ಈ ವಯಸ್ಸಿನಲ್ಲಿ ಮಸಿ ಡಬ್ಬಿಗೆ ಬೆರಳು ಕೊಟ್ಟರೆ ಅವಳಿಗೆ ಏನು ಹೇಳಲಿ?

ಮಗಳು ಔಷಧಿ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ, ದಿನವಿಡೀ ಜನರ ಗೋಳು ಕೇಳಿ ಕೇಳಿ ಬೇಗ ಮುಗಿಯುವ ದಾರಿಯೇ ಅವಳಿಗೆ ಸರಿಯಾದ ದಾರಿ. ತನ್ನ ಹೆಸರು ಸೇರಿಸುವ ಅರ್ಜಿಯನ್ನು ಅವಳೇ ತಂದು ಪೂರ್ತಿ ತುಂಬಿಸಿಟ್ಟಿದ್ದಳು. ಬಣ್ಣದಂಗಡಿಯವನಿಗೆ ಎಷ್ಟು ದಿನ ಸಬೂಬು ಹೇಳುತ್ತೀಯ ಎಂದು ಕೇಳಿದಳು. ಆ ಮಾತು ನಾಟಿತು.

“ನಿನ್ನ ದುಡ್ಡು ನಾನೇನು ತಿಂದುಬಿಡ್ತೀನಾ ಅಪ್ಪಾ?”

“ನೀನು ತಿಂದ್ರೆ ನಂಗೆ ಬೇಜಾರಿಲ್ಲ ಕಣಮ್ಮ. ನನ್ನ ಕೈ ಇದೆ ಅಂತ ಅವರು ಒಪ್ಪಬೇಕು.”

ಅವಳು ನಿಟ್ಟುಸಿರು ಬಿಟ್ಟು ಅರ್ಜಿಯನ್ನು ಚೀಲಕ್ಕೆ ಹಾಕಿಕೊಂಡಳು. ನಾಳೆ ನಾನೂ ಬರುತ್ತೇನೆ, ಅಲ್ಲಿ ಜಗಳ ಮಾತ್ರ ಬೇಡ ಅಂದಳು. ಬಣ್ಣದಂಗಡಿಯವನನ್ನೂ ಕರೆದೆ. ಅವನ ಬಾಕಿ ಅವನ ಕಣ್ಣೆದುರೇ ಇತ್ಯರ್ಥವಾಗಲಿ ಎಂದು.

ಮರುದಿನ ಬ್ಯಾಂಕಿನಲ್ಲಿ ಹೊಸ ಬಣ್ಣದ ವಾಸನೆ. ಹಳೆಯ ಹಸಿರು ಗೋಡೆಗೆ ನೀಲಿ ಬಳಿಯುತ್ತಿದ್ದರು, ರೋಲರಿನಲ್ಲಿ, ಅಂಚಿಗೆ ಬ್ರಶ್ಶಿನಿಂದ ಗೆರೆ ಕಟ್ಟದೆ. ನೋಡಿದ ಕೂಡಲೇ ಕೈ ತುರಿಸಿತು. ಏಣಿಯ ಮೇಲಿದ್ದ ಕೆಲಸಗಾರ ಒಂದೊಂದೇ ಹಳೆಯ ಬೋರ್ಡಿನ ಸ್ಕ್ರೂ ಬಿಚ್ಚುತ್ತಿದ್ದ. ಅವುಗಳ ಜಾಗಕ್ಕೆ ಪ್ಲಾಸ್ಟಿಕ್ಕಿನವು ಬಂದು ಮೂಲೆಯಲ್ಲಿ ಕಟ್ಟು ಬಿಚ್ಚದೆ ಬಿದ್ದಿದ್ದವು.

ಆಫೀಸರು ನಮ್ಮನ್ನು ಕಂಡು ನಿಜಕ್ಕೂ ಹಗುರಾದರು, ಮಗಳು ಬಂದಿದ್ದಾಳಲ್ಲ ಎಂದು. ಎಲ್ಲವನ್ನೂ ಸಿದ್ಧ ಮಾಡಿಟ್ಟಿದ್ದರು. ಒಂದು ಕಡೆ ಹಾಳೆ, ಇನ್ನೊಂದು ಕಡೆ ಮುಚ್ಚಳ ತೆರೆದ ಮಸಿ ಡಬ್ಬಿ. ಯಾವ ಬೆರಳು ಎಂದು ಕೇಳಿದೆ. ಗಂಡಸರದ್ದು ಎಡಗೈ ಹೆಬ್ಬೆಟ್ಟು ಅಂದರು.

“ಅಂದ್ರೆ ಬರೆಯೋ ಕೈನೇ ಬೇಕು ನಿಮಗೆ. ಬರೆಯೋದು ಮಾತ್ರ ಬೇಡ.”

ಅವರು ಮುಖ ಕೆಂಪಗೆ ಮಾಡಿಕೊಂಡು, ನಿಯಮ ನಾನು ಮಾಡಿದ್ದಲ್ಲ ಸರ್ ಅಂದರು. ಅದು ಸುಳ್ಳಲ್ಲ. ಮಗಳು ನನ್ನ ತೋಳು ಹಿಡಿದಳು. ಹಿಂದೆ ಸಾಲಿನಲ್ಲಿ ಏಳೆಂಟು ಜನ ಗಡಿಯಾರ ನೋಡುತ್ತಿದ್ದರು. ಹೇಳುತ್ತೇನೆ, ಆ ಗಳಿಗೆಯಲ್ಲಿ ನಾನು ಸೋತಿದ್ದೆ. ಇನ್ನೊಂದು ನಿಮಿಷ ಹೋಗಿದ್ದರೆ ಮಗಳ ಅರ್ಜಿಗೆ ಹೂಂ ಅಂದುಬಿಡುತ್ತಿದ್ದೆ.

ಅಷ್ಟರಲ್ಲಿ ಏಣಿಯವನು ನಮ್ಮ ತಲೆಯ ಮೇಲಿದ್ದ ‘ನಗದು’ ಬೋರ್ಡನ್ನು ಬಿಚ್ಚಿ, ಧೂಳು ಕೊಡವಿ, ಗೋಡೆಗೆ ಒರಗಿಸಲು ಬಗ್ಗಿದ. ಬೋರ್ಡು ನನ್ನ ಕಣ್ಣಿನ ಮಟ್ಟಕ್ಕೆ ಬಂತು. ಕೆಳಗಿನ ಬಲಮೂಲೆ. ಅಕ್ಕಿಕಾಳಿಗಿಂತ ಒಂಚೂರು ದೊಡ್ಡದು.

ಕೈಯಲ್ಲಿ ಪೆನ್ನಿತ್ತು. ಆ ಹೆಬ್ಬೆಟ್ಟಿನ ಹಾಳೆಯ ಮೇಲೆಯೇ, ಬೆರಳಿಗೆಂದು ಬಿಟ್ಟಿದ್ದ ಖಾಲಿ ಚೌಕದಲ್ಲೇ, ಎಡಗೈಯಲ್ಲಿ ಸಹಿ ಹಾಕಿದೆ. ಹಾಳೆ ಹಾಳಾಯಿತಲ್ಲ ಸರ್ ಎಂದು ಆಫೀಸರು ಎದ್ದು ನಿಂತರು. ನಾನು ಏಣಿಯವನ ಕೈಯಿಂದ ಬೋರ್ಡು ತೆಗೆದುಕೊಂಡು ಕೌಂಟರಿನ ಮೇಲೆ ಅಡ್ಡ ಮಲಗಿಸಿ, ಮೂಲೆಯನ್ನು ಅಂಗಿಯ ತೋಳಿನಿಂದ ಒರೆಸಿ, ಹಾಳೆಯನ್ನು ಪಕ್ಕದಲ್ಲಿಟ್ಟೆ.

“ಈಗ ಹೊಂದಿಸಿ ನೋಡಿ. ಆರು ವರ್ಷ ನಿಮ್ಮ ಬ್ಯಾಂಕಿನ ಗೋಡೆ ಮೇಲೆ, ನಿಮ್ಮ ದುಡ್ಡು ಎಣಿಸೋ ಜಾಗದ ನೆತ್ತಿ ಮೇಲೆ ಇದ್ದ ಸಹಿ ಇದು. ಖಾತೆ ತಗೊಂಡ್ರಿ, ಮೇಜು ತಗೊಂಡ್ರಿ, ಗೋಡೆ ತಗೊಂಡ್ರಿ. ಇದನ್ನೂ ತಗೊಂಡಿದ್ದೀರಿ.”

ಆಫೀಸರು ಬಗ್ಗಿ ನೋಡಿದರು. ಮಗಳೂ ಬಗ್ಗಿದಳು. ಅದೇ ಅಕ್ಷರ, ತನ್ನ ಕಡೆ ಎಳೆದ ಅದೇ ಗೆರೆ, ಎಡತುದಿಯ ಅದೇ ಸುಳಿ, ಪಕ್ಕದಲ್ಲಿ ಆರು ವರ್ಷ ಹಿಂದಿನ ಇಸವಿ. ಸಾಲಿನಲ್ಲಿದ್ದವರು ಸಾಲು ಬಿಟ್ಟು ಸುತ್ತ ನೆರೆದರು. ಗಲಾಟೆಗೆ ಮ್ಯಾನೇಜರು ತಮ್ಮ ಕೋಣೆಯಿಂದ ಕನ್ನಡಕ ಹಣೆಗೇರಿಸಿಕೊಂಡು ಬಂದರು.

ಆಫೀಸರು ಬುದ್ಧಿವಂತರು, ಸುಲಭಕ್ಕೆ ಬಿಡಲಿಲ್ಲ. ಇದನ್ನು ನಿನ್ನೆ ಮೊನ್ನೆ ಬಂದು ಬರೆದಿಲ್ಲ ಎಂದು ಹೇಗೆ ಹೇಳುವುದು ಎಂದು ಕೇಳಿದರು. ನನಗೆ ಆ ಪ್ರಶ್ನೆ ಇಷ್ಟವಾಯಿತು. ಮೊದಲ ಸಲ ನನ್ನ ಕಸುಬಿನ ಮಾತು ಆಡಿದ್ದರು.

“ಸಹಿ ವಾರ್ನಿಶಿನ ಕೆಳಗಿದೆ. ವಾರ್ನಿಶು ಹಳದಿ ಆಗೋಕೆ ವರ್ಷಗಟ್ಟಲೆ ಬೇಕು. ಉಗುರಲ್ಲಿ ಕೆರೆದು ನೋಡಿ, ಸಹಿ ಕಿತ್ತು ಬಂದ್ರೆ ನಾನು ಹೆಬ್ಬೆಟ್ಟು ಒತ್ತಿ ಹೋಗ್ತೀನಿ.”

ಮ್ಯಾನೇಜರೇ ಉಗುರಿನಿಂದ ಕೆರೆದರು. ಒಂದು ಸಲ, ಇನ್ನೊಂದು ಸಲ ಸ್ವಲ್ಪ ಗಟ್ಟಿಯಾಗಿ. ಏನೂ ಬರಲಿಲ್ಲ. ಬಣ್ಣದಂಗಡಿಯವನು ಹಿಂದಿನಿಂದ ಕತ್ತು ಚಾಚಿ, ಆ ವಾರ್ನಿಶು ನಮ್ಮ ಅಂಗಡಿಯದ್ದೇ, ಆ ಕಂಪನಿಯದು ಬರುವುದು ನಿಂತು ನಾಲ್ಕು ವರ್ಷವಾಯಿತು, ಬಿಲ್ಲು ಬೇಕಾದರೆ ತರುತ್ತೇನೆ ಅಂದ. ಸಾಲಿನಲ್ಲಿದ್ದ ಹೆಂಗಸೊಬ್ಬರು ತಾವು ಸಾಕ್ಷಿ ಹಾಕುವುದಾಗಿ ಹೇಳಿದರು. ಅವರು ಯಾರೋ ನನಗೆ ಗೊತ್ತೇ ಇಲ್ಲ.

ಮ್ಯಾನೇಜರು ಕನ್ನಡಕ ಇಳಿಸಿ ನನ್ನ ಸಹಿ ಬದಲಾವಣೆಯ ಅರ್ಜಿಯನ್ನು ತಿರುವಿ ಹಾಕಿದರು. ಹಳೆಯ ಸಹಿ ಎಂದರೆ ಕಂಪ್ಯೂಟರಿನಲ್ಲಿರುವ ಸಹಿ ಎಂದು ಎಲ್ಲೂ ಬರೆದಿಲ್ಲವಲ್ಲ ಎಂದು ತಮ್ಮಷ್ಟಕ್ಕೇ ಹೇಳಿಕೊಂಡರು. ಬೋರ್ಡಿನ ಮೂಲೆಯ ಫೋಟೋ ತೆಗೆಸಿ ಹಳೆಯ ಸಹಿಯ ಖಾಲಿ ಚೌಕದಲ್ಲಿ ಅಂಟಿಸಿ, ತಾವೇ ಅಡ್ಡ ರುಜು ಹಾಕಿದರು. ಅಂಟಿಸಲು ಗೋಂದು ತಂದದ್ದು ಅದೇ ಹಳೆಯ ಡ್ರಾಯರಿನಿಂದ. ಮಗಳು ಚೀಲದಿಂದ ತನ್ನ ಅರ್ಜಿ ತೆಗೆದು ಎರಡು ಮಡಿಕೆ ಮಾಡಿ ಹರಿದಳು, ನನ್ನ ಕಡೆ ನೋಡಲಿಲ್ಲ. ಅಳುವಾಗ ಅವಳು ಯಾರ ಕಡೆಯೂ ನೋಡುವುದಿಲ್ಲ, ಅವಳ ಅಮ್ಮನ ಹಾಗೆ.

ಅಲ್ಲಿಗೆ ಮುಗಿಯಬೇಕಿತ್ತು. ಏಣಿಯವನು ಬೋರ್ಡನ್ನು ಎತ್ತಿಕೊಂಡು ಗುಜರಿ ರಾಶಿಯ ಕಡೆ ಹೊರಟ. ನಾನು ಬಾಯಿ ತೆರೆಯುವ ಮುಂಚೆ ಆಫೀಸರೇ ಅವನನ್ನು ತಡೆದರು.

“ಅದು ಹಾಗೆ ಹಾಕೋ ಹಾಗಿಲ್ಲ. ಫೈಲಲ್ಲಿ ನಕಲು ಇದ್ದರೆ ಮೂಲ ಶಾಖೆಯಲ್ಲೇ ಇರಬೇಕು.”

ಹೇಳಿಬಿಟ್ಟ ಮೇಲೆ ಅವರಿಗೇ ತಾನೇನು ಹೇಳಿದೆ ಎಂದು ಅರಿವಾಯಿತು. ಮ್ಯಾನೇಜರು ಗೋಡೆ ನೋಡಿದರು, ಪ್ಲಾಸ್ಟಿಕ್ ಕಟ್ಟು ನೋಡಿದರು. ಎರಡಡಿ ಉದ್ದದ ಬೋರ್ಡು ಯಾವ ಕಪಾಟಿಗೂ ಹಿಡಿಸುವುದಿಲ್ಲ ಎಂದು ನನಗೂ ಗೊತ್ತಿತ್ತು. ಇದ್ದ ಜಾಗದಲ್ಲೇ ಹಾಕಿಬಿಡು ಎಂದು ಏಣಿಯವನಿಗೆ ಹೇಳಿ ಕೋಣೆಗೆ ಹೋದರು. ಏಣಿಯವನು ಸೊಟ್ಟಗೆ ಹಾಕಿದ. ಬಿಚ್ಚಿಸಿ ಇನ್ನೊಂದು ಸಲ ಹಾಕಿಸಿದೆ, ಮಗಳು ಎದುರು ನಿಂತು ಎಡಕ್ಕೆ, ಬಲಕ್ಕೆ ಎಂದು ಹೇಳಿದಳು.

ಅದರ ಕೆಳಗೇ ನಿಂತು ಬಣ್ಣದಂಗಡಿಯವನಿಗೆ ಹೊಸ ಚೆಕ್ಕು ಬರೆದೆ. ಅವನು ಸಾಲಿನಲ್ಲಿ ನಿಂತು ಅದನ್ನು ಒಳಗೆ ಕೊಟ್ಟ, ಆಫೀಸರು ತಲೆಯೆತ್ತಿ ಬೋರ್ಡಿನ ಮೂಲೆ ನೋಡಿ, ಚೆಕ್ಕು ನೋಡಿ, ಸೀಲು ಒತ್ತಿದರು. ಮಸಿ ಡಬ್ಬಿ ಕೌಂಟರಿನ ಮೇಲೆ ಇನ್ನೂ ತೆರೆದೇ ಇತ್ತು. ಹೊರಡುವಾಗ ಬಲಗೈಯಿಂದ ಅದರ ಮುಚ್ಚಳ ಹಾಕಿದೆ. ಅಷ್ಟು ಕೆಲಸಕ್ಕೆ ಅದು ಈಗಲೂ ಸಾಕು.