ಎರಡನೆಯ ಸುತ್ತು

"ಈ ಬ್ಯಾಂಡೇಜ್ ಇಷ್ಟು ಬಿಗಿಯಾಗಿ ಕಟ್ಟಿದ್ದು ಯಾರು?"

ಡಾಕ್ಟರ ಕಣ್ಣು ಪರದೆಯ ಮೇಲೆಯೇ ಇತ್ತು. ಬಿಚ್ಚಿದ ಪಟ್ಟಿಯ ಅಚ್ಚು ಬಲಗಾಲಿನ ಹರಡಿನಲ್ಲಿ, ಪಾದದ ಕೀಲಿನ ಸುತ್ತ, ಇನ್ನೂ ಕೆಂಪಗಿತ್ತು. ಅದರ ಒಳಮಗ್ಗುಲಿಗೆ ತಣ್ಣನೆಯ ಲೋಳೆ ಸವರಿ, ಸ್ಕ್ಯಾನಿಂಗ್ ಯಂತ್ರದ ಹಿಡಿಯನ್ನು ಅವರು ಕೂದಲೆಳೆಯಷ್ಟು ಸರಿಸಿದರು. ಬೂದು ಪರದೆಯಲ್ಲಿ ಜೇನುಹುಟ್ಟಿನಂಥ ಪುಟ್ಟ ದುಂಡು ಕಾಣಿಸಿತು. ಇನ್ನೊಂದು ಚೂರು ಸರಿಸಿದಾಗ ಅದು ಚಪ್ಪಟೆಯಾಯಿತು.

"ಇದು ನಿಮ್ಮ ನರ. ಇಲ್ಲಿ ಸಿಕ್ಕಿಹಾಕ್ಕೊಂಡಿದೆ. ಅದರ ಮೇಲೆ ಈ ಕಟ್ಟು ಬೇರೆ, ಗಾಯದ ಮೇಲೆ ಬರೆ ಎಳೆದ ಹಾಗೆ."

"ನಾನೇ ಕಟ್ಕೊಂಡೆ," ಎಂದಳು ಮಂಚದ ಮೇಲೆ ಕಾಲು ಚಾಚಿ ಮಲಗಿದ್ದ ತಾಯಿ.

"ಸುಳ್ಳು, ಡಾಕ್ಟ್ರೇ," ಬಾಗಿಲ ಬಳಿ ನಿಂತಿದ್ದ ಮಗಳು ಹೇಳಿದಳು. "ಅಪ್ಪ ಕಟ್ಟೋದು. ಕಂಪೌಂಡರ್ ಆಗಿದ್ರು, ಈಗ ಪೂರ್ತಿ ಮರೆವು. ಹೋದ ವಾರ ಮೇಜಿನ ಕಾಲಿಗೂ ಕಟ್ಟಿದಾರೆ. ಪಾಪ, ಅದೂ ಅಮ್ಮನ ಥರಾನೇ, ನೋವು ಅಂತ ಬಾಯಿಬಿಡ್ಲಿಲ್ಲ."

ಡಾಕ್ಟರು ನಕ್ಕರು. ತಾಯಿ ನಗಲಿಲ್ಲ.

ಸೂಜಿ ಪರದೆಯ ಮೇಲೆ ಬೆಳ್ಳಿಗೆರೆಯಾಗಿ ಇಳಿಯಿತು. ಔಷಧ ನರದ ಸುತ್ತ ಕಪ್ಪಗೆ ತುಂಬಿಕೊಂಡಿತು. ಅಂಟಿದ್ದದ್ದು ಬಿಟ್ಟು ನರ ಮೆಲ್ಲನೆ ತೇಲಿತು. ತಿಂಗಳುಗಟ್ಟಲೆ ಕೆಂಡದಂತಿದ್ದ ಅಂಗಾಲು ತಣ್ಣಗಾಯಿತು.

"ಇನ್ಮೇಲೆ ಅಲ್ಲಿ ಏನೂ ಬಿಗೀಬೇಡಿ. ಮತ್ತೆ ಒತ್ತಿದ್ರೆ ಪಾದ ಪೂರ್ತಿ ಮರಗಟ್ಟುತ್ತೆ."

"ಆ ಬ್ಯಾಂಡೇಜ್ ಸುರುಳಿ ಇವತ್ತೇ ಅಟ್ಟಕ್ಕೆ," ಎಂದಳು ಮಗಳು.

ತಾಯಿ ಕಾಲಿನ ಮೇಲಿನ ಕೆಂಪು ಅಚ್ಚನ್ನು ಬೆರಳಿನಿಂದ ಸವರಿದಳು. ದಿನವೆಲ್ಲ "ಯಾರಮ್ಮಾ ನೀವು? ಯಾರ ಮನೆಯವರು?" ಎಂದು ಕೇಳುವವರು, ಬೆಳಿಗ್ಗೆ ಬ್ಯಾಂಡೇಜು ಕೈಗೆ ಬಂದೊಡನೆ ಗಂಡನಾಗುತ್ತಿದ್ದರು. ಎರಡನೆಯ ಸುತ್ತು ಸುತ್ತುವಾಗ ಬೈಗುಳ ತಪ್ಪುತ್ತಿರಲಿಲ್ಲ: "ಅಲ್ಲಾಡ್ಬೇಡ ಕಣೇ. ಮದುವೆಯಾದಾಗಿಂದ ಇದೇ ಆಯ್ತು ನಿಂದು." ಆ ಒಂದು ಮಾತಿಗಾಗಿ ಅವಳು ಉರಿಯನ್ನು ಹಲ್ಲುಕಚ್ಚಿ ಸಹಿಸಿದ್ದಳು. ಮಗಳಿಗೆ ಅದು ಗೊತ್ತಿರಲಿಲ್ಲ.

ಮರುದಿನ ಮಗಳು ಕೆಲಸಕ್ಕೆ ಹೊರಟ ಮೇಲೆ ಅವಳು ಸ್ಟೂಲು ಹತ್ತಿ ಸುರುಳಿಯನ್ನು ಇಳಿಸಿ ಗಂಡನ ಕೈಗಿತ್ತಳು. ಮಂಚದ ತುದಿಯಲ್ಲಿ ಕುಳಿತು, ನೋವಿಲ್ಲದ ಎಡಗಾಲನ್ನು ಚಾಚಿದಳು.

ಅವರು ನೆಲದ ಮೇಲೆ ಕುಳಿತು ಕಾಲನ್ನು ಮಡಿಲಿಗೆಳೆದುಕೊಂಡರು. ಹೆಬ್ಬೆರಳಿನಿಂದ ಹರಡನ್ನು ಒತ್ತಿ ನೋಡಿದರು. ಅವರ ಕೈ ತಡೆದು ನಿಂತಿತು.

"ಯಾವ ಕಾಲಮ್ಮಾ ನೋವು?"

"ಇದೇ."

ಮೊದಲ ಸುತ್ತು ಬಿತ್ತು. ಎರಡನೆಯದೂ ಬಿತ್ತು. ಕೋಣೆಯಲ್ಲಿ ಬಟ್ಟೆ ಸರಿಯುವ ಸದ್ದಷ್ಟೇ ಇತ್ತು. ಅವಳು ಬೇಕೆಂದೇ ಪಾದವನ್ನು ಒಂಚೂರು ಅಲುಗಿಸಿ, ಬಾಗಿದ ಆ ತಲೆಯನ್ನೇ ನೋಡುತ್ತ ಕುಳಿತಳು.