ಬೆನ್ನು ತಿರುಗಿದ ಮೇಲಿನ ಮಾತು

"ಹಲೋ" ಅಂದದ್ದೇ ತಡ, ಆ ಕಡೆ ಫೋನು ಕೈಜಾರಿ ನೆಲಕ್ಕೆ ಬಿದ್ದ ಸದ್ದು. ಹಿಂದೆಯೇ ಒಬ್ಬ ಹೆಂಗಸು ಚೀರಿದ್ದು ಕೇಳಿಸಿತು: "ಅಯ್ಯಯ್ಯೋ, ಅವರೇ ಎತ್ತಿದ್ರು ಕಣ್ರೀ!"

ಮಗಳು ಅಮ್ಮನ ಫೋನನ್ನು ಕಾದ ಬಾಣಲೆಯ ಹಾಗೆ ಕೆಳಗಿಟ್ಟಳು. ಬೆಳಗ್ಗಿನಿಂದ ಇದು ಮೂರನೆಯ ಸಲ. ಹಾಲ್‌ನಲ್ಲಿ ಬಿಳಿ ಹೊದಿಕೆಯ ಕೆಳಗೆ ಅಮ್ಮ ಮಲಗಿದ್ದಳು. ಇಲ್ಲಿ ಅಡುಗೆಮನೆಯಲ್ಲಿ ಅವಳದೇ ಧ್ವನಿ ಫೋನಿಗೆ ಉತ್ತರ ಕೊಡುತ್ತಿತ್ತು. ಚಿಕ್ಕಂದಿನಿಂದಲೂ ಅಷ್ಟೆ, ತಾಯಿ ಮಗಳ ದನಿ ಒಂದೇ ಅಚ್ಚು.

"ನೀನು ಇವತ್ತು ಬಾಯಿ ಬಿಡಬೇಡ ಕಣೇ," ಎಂದಳು ಚಿಕ್ಕಮ್ಮ, ಮೂಗು ಒರೆಸಿಕೊಳ್ಳುತ್ತಲೇ. "ಸತ್ತೋಳು ಹಲೋ ಅಂದ್ರೆ ಗಟ್ಟಿ ಗುಂಡಿಗೆಯೋರೂ ಗೊಟಕ್ ಅಂತಾರೆ. ಒಂದು ಬೀದಿಗೆ ಒಂದು ಹೆಣ ಸಾಕು."

ಅಕ್ಕ ಸತ್ತ ಮೇಲೂ ಚಿಕ್ಕಮ್ಮನ ನಾಲಿಗೆ ಸುಮ್ಮನಿರಲಿಲ್ಲ. ಅತ್ತು ಅತ್ತು ಕಣ್ಣು ಊದಿದ್ದರೂ ಬಂದವರಿಗೆಲ್ಲ ಕುರ್ಚಿ ತೋರಿಸುತ್ತ, ಚಪ್ಪಲಿ ಸರಿಸುತ್ತ ಮನೆಯನ್ನು ನಡೆಸುತ್ತಿದ್ದವಳು ಅವಳೇ. ಅಪ್ಪ ಕಿಟಕಿಯ ಪಕ್ಕದ ತಮ್ಮ ಬೈಂಡಿಂಗ್ ಮೇಜಿನ ಮುಂದೆ ಕೂತುಬಿಟ್ಟಿದ್ದರು. ಮೂವತ್ತು ವರ್ಷ ಅದೇ ಮೇಜಿನ ಮೇಲೆ ಊರವರ ಹರಿದ ಪುಸ್ತಕ ಹೊಲಿದವರು. ಮೊನ್ನೆ ಸಂಜೆ ಅಮ್ಮ ಹೋದಾಗಿನಿಂದ ಅವರ ಬಾಯಿಂದ ಒಂದು ಮಾತು ಹೊರಟಿರಲಿಲ್ಲ.

ಅಮ್ಮನದು ಡಬ್ಬಿಂಗ್ ಕೆಲಸ. ಬೇರೆ ಭಾಷೆಯ ಸೀರಿಯಲ್ಲುಗಳಿಗೆ ನಮ್ಮ ಮಾತು ಕೊಡುವುದು. ಮುಖ ನೋಡಿ ಗುರುತು ಹಿಡಿದವರು ಯಾರೂ ಇಲ್ಲ. ತರಕಾರಿ ಅಂಗಡಿಯಲ್ಲಿ "ಅರ್ಧ ಕೇಜಿ ಟೊಮೆಟೊ" ಅಂದಳೋ, ಸಾಲಿನಲ್ಲಿದ್ದವರೆಲ್ಲ ತಿರುಗಿ, "ಅಯ್ಯೋ, ಕೀಲಿ ಅಜ್ಜಿ!" ಅನ್ನುತ್ತಿದ್ದರು. ಸೊಂಟದಲ್ಲಿ ಬೀಗದಕೈ ಗೊಂಚಲು ಸಿಕ್ಕಿಸಿಕೊಂಡು, ಇಡೀ ಮನೆಯನ್ನು ಗದರಿಸಿಯೇ ಸಾಕುವ ಆ ಅಜ್ಜಿಗೆ ಹನ್ನೊಂದು ವರ್ಷದಿಂದ ಅಮ್ಮನೇ ಬಾಯಿ. ಆ ಸೀರಿಯಲ್ಲಿನ ಕೊನೆಯ ಕಂತು ಇವತ್ತು ಸಂಜೆ ಏಳಕ್ಕೆ.

ಬಂದವರೆಲ್ಲರ ಹೊಟ್ಟೆಯಲ್ಲೂ ಒಂದು ಪ್ರಶ್ನೆ ಇತ್ತು. ಕೇಳಬಾರದು ಅಂತ ಗೊತ್ತು, ಕೇಳದೆ ಇರಲಾರರು. ಕೊನೆಗೆ ಎದುರುಮನೆಯಾಕೆ ಅಡುಗೆಮನೆಗೆ ಬಂದು ಪಿಸುಗುಟ್ಟಿಯೇಬಿಟ್ಟಳು: "ತಪ್ಪು ತಿಳ್ಕೋಬೇಡಮ್ಮ. ನಿಮ್ಮಮ್ಮ ಏನಾದ್ರೂ ಹೇಳಿದ್ರಾ? ಅಜ್ಜಿ ಉಳೀತಾಳೆ ತಾನೇ? ನಮ್ಮತ್ತೆ ಬೆಳಗ್ಗಿಂದ ಮಾತ್ರೆ ನುಂಗಿಲ್ಲ. ಅಜ್ಜಿಗೆ ಏನಾದ್ರೂ ಆದ್ರೆ ತನಗೂ ಮಾತ್ರೆ ಯಾಕೆ ಅಂತಾರೆ."

ಮಗಳು ತಲೆ ಅಲ್ಲಾಡಿಸಿದಳು. ಅವಳಿಗೆ ಗೊತ್ತಿರಲಿಲ್ಲ. ಐದು ವಾರದಿಂದ ಅಮ್ಮನ ಜೊತೆ ಅವಳು ಮಾತೇ ಆಡಿರಲಿಲ್ಲ.

*

ಅವಳು ಏಳೆಂಟು ವರ್ಷದವಳಿದ್ದಾಗ ಮನೆಯಲ್ಲೊಂದು ಆಟವಿತ್ತು. ಟೀವಿಯ ಸದ್ದು ಪೂರ್ತಿ ಇಳಿಸಿ, ಪರದೆಯ ಮೇಲಿನವರ ತುಟಿಗೆ ತಾಯಿ ಮಗಳು ಮಾತು ಹಚ್ಚುವುದು. ವಾರ್ತೆ ಓದುವವನ ಬಾಯಲ್ಲಿ "ನಮ್ಮನೆ ಬೆಕ್ಕು ಮರಿ ಹಾಕಿದೆ" ಎಂದು ಹೇಳಿಸಿ ಇಬ್ಬರೂ ಬಿದ್ದು ಬಿದ್ದು ನಗುತ್ತಿದ್ದರು.

"ತುಟಿ ಕೂರ್ಬೇಕು ಪುಟ್ಟಿ," ಅಮ್ಮ ಹೇಳುತ್ತಿದ್ದಳು. "ಪ, ಬ, ಮ. ಇವು ಮೂರು ನಮ್ಮ ಪಾಲಿನ ಯಮ. ಅನ್ನೋವಾಗ ತುಟಿ ಮುಚ್ಚಲೇಬೇಕು. ಅವರು ಬಾಯಿ ತೆರೆದಿರೋವಾಗ ನೀನು 'ಬಾ' ಅಂದ್ಯೋ, ಸಿಕ್ಕಿಬಿದ್ದೆ."

"ಅಲ್ಲಿ 'ಬಾ' ಅಂತಾನೇ ಹೇಳ್ಬೇಕಿದ್ರೆ?"

"ಅವರು ಬೆನ್ನು ತಿರುಗಿಸೋ ತನಕ ಕಾಯಿ. ಬೆನ್ನಿಗೆ ತುಟಿ ಇಲ್ಲ. ಬೆನ್ನು ತಿರುಗಿದ ಮೇಲೆ ಏನ್ ಬೇಕಾದ್ರೂ ಅನ್ಬಹುದು."

*

ಮಣ್ಣು ಮಾಡಿ ಮನೆಗೆ ಬಂದಾಗ ಮೂರು ಗಂಟೆ. ಚಿಕ್ಕಮ್ಮ ಎಲ್ಲರನ್ನೂ ಎಣಿಸಿದವಳಂತೆ ನೋಡಿ, "ಬರೋರೆಲ್ಲ ಬಂದಾಯ್ತಲ್ಲ," ಎಂದು ಮುಂಬಾಗಿಲಿನ ಚಿಲಕ ಏರಿಸಿದಳು. ಚಿಲಕ ಕಿರ್ರೆಂದಿತು. "ನೋಡು, ತುಕ್ಕು ಹಿಡ್ದಿದೆ. ಐದು ವಾರ ಆಯ್ತಂತೆ ಇದನ್ನ ಹಾಕಿ. ಹಗಲೂ ಇಲ್ಲ, ರಾತ್ರಿನೂ ಇಲ್ಲ. ಕಳ್ಳಕಾಕರು ಬಂದಿದ್ರೆ ಏನ್ ಗತಿ ಅಂತ ನಾನು ಬೈದೆ. ನಿಮ್ಮಮ್ಮ ಏನಂದ್ಲು ಗೊತ್ತಾ?"

ಮಗಳು ಕೇಳಲಿಲ್ಲ. ಆ ಮನೆಯ ಪದ್ಧತಿ ಅವಳಿಗೆ ಗೊತ್ತಿತ್ತು. ಮನೆಯವರು ಒಬ್ಬರು ಹೊರಗಿದ್ದರೂ ಚಿಲಕ ಹಾಕುವಂತಿಲ್ಲ. ದಿನಾ ಸ್ಟುಡಿಯೋಗೆ ಹೊರಡುವಾಗ ಅಮ್ಮ "ಹೋಗ್ಬರ್ತೀನಿ" ಅನ್ನುವಳು. ಅಪ್ಪ ಸೂಜಿಯಿಂದ ಕಣ್ಣೆತ್ತದೆ, "ಹೂಂ, ಬಾ. ಚಿಲಕ ಹಾಕಿರಲ್ಲ," ಅನ್ನುವರು. ಮೂವತ್ತು ವರ್ಷದ ಸಂಸಾರದಲ್ಲಿ ಅವರಿಬ್ಬರು ಇದಕ್ಕಿಂತ ದೊಡ್ಡ ಪ್ರೀತಿಯ ಮಾತು ಆಡಿದ್ದನ್ನು ಯಾರೂ ಕೇಳಿಲ್ಲ.

ಬಾಗಿಲು ಬಡಿದ ಸದ್ದಾಯಿತು. ಚಿಕ್ಕಮ್ಮ ಗೊಣಗುತ್ತ ಮತ್ತೆ ಚಿಲಕ ಇಳಿಸಿದಳು. ಹೊರಗೆ ಸ್ಟುಡಿಯೋದ ರೆಕಾರ್ಡಿಂಗ್‌ನವನು ನಿಂತಿದ್ದ. ನಿದ್ದೆಯಲ್ಲೂ ಹೆಡ್‌ಫೋನು ತೆಗೆಯುವುದಿಲ್ಲವೆಂದು ಅಮ್ಮ ಅವನಿಗೆ ಹೆಡ್‌ಫೋನು ಅಂತಲೇ ಹೆಸರಿಟ್ಟಿದ್ದಳು. ಈಗಲೂ ಅದು ಕುತ್ತಿಗೆಗೆ ನೇತಾಡುತ್ತಿತ್ತು. ಸ್ಮಶಾನದಲ್ಲಿ ಎಲ್ಲರಿಗಿಂತ ಜೋರಾಗಿ ಅತ್ತವನು ಅವನೇ.

"ಈಗ ಕೇಳೋ ಮಾತಲ್ಲ ಇದು," ಅವನು ಮಗಳನ್ನು ಪಕ್ಕಕ್ಕೆ ಕರೆದ. ಕೈಯಲ್ಲಿ ಒಂದು ಹಾಳೆ ಇತ್ತು. "ಕೊನೇ ಕಂತಿನಲ್ಲಿ ಒಂದೇ ಒಂದು ಮಾತು ಬಾಕಿ ಇದೆ. ಒಂದೇ. ಮೊನ್ನೆ ಅಮ್ಮ ಅದನ್ನ ಬಿಟ್ಟು ಎದ್ರು. ನಾಳೆ ಬಂದು ಹೇಳ್ತೀನಿ ಅಂದ್ರು. ಐದು ಗಂಟೆಗೆ ನಾನು ಕಂತು ಕಳಿಸ್ಬೇಕು."

"ಹಳೇದರಿಂದ ಎತ್ತಿ ಹಾಕಿ," ಮಗಳು ಪಿಸುದನಿಯಲ್ಲಿ ಅಂದಳು.

"ರಾತ್ರಿಯೆಲ್ಲ ಜಾಲಾಡಿದೆ. ಮಾತು 'ಹೋಗ್ತೀನಿ' ಅಂತ. ಹನ್ನೊಂದು ವರ್ಷದಲ್ಲಿ ನಿಮ್ಮಮ್ಮ ಒಂದು ಸಲನೂ 'ಹೋಗ್ತೀನಿ' ಅಂದಿಲ್ಲ! ಬರೆದುಕೊಟ್ಟಲ್ಲೆಲ್ಲ ಬದಲಾಯ್ಸಿ 'ಹೋಗ್ಬರ್ತೀನಿ' ಅಂತಲೇ ಹೇಳಿದ್ದಾರೆ. ಅದನ್ನ ಇಲ್ಲಿ ಹಾಕಿದ್ರೆ ತುಟಿ ಕೂರಲ್ಲ. ಅಜ್ಜಿ ಮುಖ ಪರದೆ ತುಂಬಾ ಇದೆ. ಮೂರನೇ ಕ್ಲಾಸಿನ ಮಗುನೂ ಹಿಡಿಯುತ್ತೆ."

ಚಿಕ್ಕಮ್ಮನ ಕಿವಿ ಇತ್ತಲೇ ಇತ್ತು. "ಏನ್ರೀ, ನಾಚಿಕೆ ಆಗಲ್ವಾ? ಇನ್ನೂ ಕೈಕಾಲು ತೊಳ್ದಿಲ್ಲ, ಆಗಲೇ ಮಗೂನ ಎಳ್ಕೊಂಡು ಹೋಗೋಕೆ ಬಂದ್ರಾ? ಒಂದು ಮಾತಿಲ್ದಿದ್ರೆ ಲೋಕ ಮುಳುಗುತ್ತಾ?"

ಹೆಡ್‌ಫೋನು ಹಾಳೆಯನ್ನು ಮಗಳ ಕೈಗಿಟ್ಟ. ಕೊನೆಯ ಸಾಲಿನಲ್ಲಿ ಅಚ್ಚಾಗಿದ್ದದ್ದು: ಹೋಗ್ತೀನಿ. ಅದರ ಪಕ್ಕ ಪೆನ್ಸಿಲಿನಲ್ಲಿ ಅಮ್ಮನ ಕೈಬರಹ: ಬೆನ್ನು.

"ಬೆನ್ನು ನೋಯ್ತಿದೆ ಕಣಪ್ಪ ಅಂದ್ರು," ಎಂದು ಅವನು ಹಾಳೆಯ ಕಡೆ ಬೆರಳು ತೋರಿಸಿದ. "ನೋವಿಗೆ ಅಲ್ಲೇ ಬರ್ಕೊಂಡಿದ್ದಾರೆ ನೋಡಿ. ಅದು ಎದೆ ನೋವು ಅಂತ ನಂಗೆ ಹೊಳೀಲಿಲ್ಲ. ಆಸ್ಪತ್ರೆಗೆ ಕರ್ಕೊಂಡು ಹೋಗೋದು ಬಿಟ್ಟು ಟ್ಯಾಕ್ಸಿ ಹತ್ತಿಸ್ಬಿಟ್ಟೆ, ಪಾಪಿ ನಾನು."

ಮಗಳಿಗೆ ಅವನ ಮೇಲೆ ಸಿಟ್ಟು ಬರಲಿಲ್ಲ. ಆ ಒಂದು ಪದ ಅವಳ ಕಣ್ಣಿಗೆ ಚುಚ್ಚುತ್ತಿತ್ತು. ಹೋಗ್ತೀನಿ.

*

ಐದು ವಾರದ ಹಿಂದೆ ಇದೇ ಬಾಗಿಲಲ್ಲಿ ಅವಳು ಸೂಟ್‌ಕೇಸ್ ಹಿಡಿದು ನಿಂತಿದ್ದಳು. ರಕ್ತಪರೀಕ್ಷೆಯ ಲ್ಯಾಬೊಂದರಲ್ಲಿ ಅವಳಿಗೆ ಕೆಲಸ. ದಿನವಿಡೀ ಗಾಜಿನ ಕೊಳವೆಗಳ ಜೊತೆ, ಮಾತಿನ ಗೊಡವೆಯಿಲ್ಲ. ಲ್ಯಾಬಿನ ಹತ್ತಿರವೇ ಒಂದು ಕೋಣೆ ಹಿಡಿದಿದ್ದಳು.

"ಸ್ಟುಡಿಯೋಗೆ ಒಂದಿನ ಬಂದು ನೋಡು ಅಂದೆ, ಅಷ್ಟೇ ತಾನೇ?" ಎಂದಳು ಅಮ್ಮ. "ನನ್ನ ಕಾಲ ಆದ್ಮೇಲೆ ಈ ದನಿ ಹಾಳಾಗಿ ಹೋಗ್ಬೇಕಾ?"

"ಇದು ನಿನ್ನ ದನಿ ಅಲ್ಲ, ನಂದು! ನಾನು ಬಾಯಿ ಬಿಟ್ರೆ ಎಲ್ಲರಿಗೂ ನೀನೇ ಕೇಳಿಸ್ತೀಯ. ನಂಗೆ ಅಂತ ಒಂದು ದನಿನಾದ್ರೂ ಬೇಡ್ವಾ? ಹೋಗ್ತೀನಿ."

ಅಮ್ಮನ ಮುಖ ಸಣ್ಣಗಾಯಿತು. "ಹೋಗ್ತೀನಿ ಅನ್ಬಾರ್ದು ಪುಟ್ಟಿ. ಹೋಗ್ಬರ್ತೀನಿ ಅನ್ನು."

ಅವಳು ಅನ್ನಲಿಲ್ಲ. ತಿರುಗಿ ಮೆಟ್ಟಿಲಿಳಿದಳು.

*

"ನಾನು ಹೇಳೋದು ಕೇಳಿಸ್ಕೊಂಡ್ಯಾ?" ಚಿಕ್ಕಮ್ಮ ಅವಳ ಭುಜ ಅಲುಗಿಸಿದಳು. "ಅಷ್ಟು ಜಗಳ ಆಡಿ ಹೋದ ಮಗಳಿಗೆ ಯಾಕೆ ಬಾಗಿಲು ತೆರೆದಿಟ್ಕೊಂಡು ಕೂತಿದೀಯ, ಬರ್ತೀನಿ ಅಂತ ಒಂದು ಮಾತು ಹೇಳಲಿಲ್ವಲ್ಲ ಅವಳು ಅಂತ ಕೇಳ್ದೆ. ಅದಕ್ಕೆ ನಿಮ್ಮಮ್ಮ, 'ಅಂದಿದ್ದಾಳೆ ಬಿಡೇ. ಬೆನ್ನು ತಿರುಗಿಸ್ಕೊಂಡು ಅಂದ್ಲು, ನಂಗೆ ಕೇಳಿಸ್ಲಿಲ್ಲ ಅಷ್ಟೆ' ಅಂದ್ಲು. ಹುಚ್ಚಿ."

ಮಗಳು ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಮುಷ್ಟಿಯಲ್ಲಿಟ್ಟುಕೊಂಡಳು. ಬೈಂಡಿಂಗ್ ಮೇಜಿನ ಕಡೆ ನೋಡಿದಳು. ಅಪ್ಪ ತಲೆ ಎತ್ತಲಿಲ್ಲ. ಅವಳು ಬಾಯಿ ತೆರೆದಳು, ಆದರೆ ಹೊರಡುವವಳು ಅನ್ನಬೇಕಾದ ಮಾತು ಗಂಟಲಿನಲ್ಲೇ ನಿಂತಿತು. ಸುಮ್ಮನೆ ಹೆಡ್‌ಫೋನಿನ ಹಿಂದೆ ಹೊರಟಳು.

*

ಸ್ಟುಡಿಯೋ ಒಂದು ಹಳೆಯ ಕಟ್ಟಡದ ಎರಡನೆಯ ಮಹಡಿಯಲ್ಲಿತ್ತು. ಗೋಡೆಗೆಲ್ಲ ಕಪ್ಪು ಸ್ಪಂಜು, ನಡುವೆ ಮೈಕು, ಎದುರಿಗೆ ಪರದೆ. ಮೈಕಿನ ಕೆಳಗಿನ ಸ್ಟೂಲಿನ ಮೇಲೆ ಅಮ್ಮನ ನೀರಿನ ಬಾಟಲಿ ಅರ್ಧ ತುಂಬಿ ಹಾಗೇ ಇತ್ತು. ಯಾರೂ ಅದನ್ನು ಮುಟ್ಟಿರಲಿಲ್ಲ. ಮಗಳೂ ಮುಟ್ಟಲಿಲ್ಲ. ಗಡಿಯಾರ ನಾಲ್ಕು ಹತ್ತು ತೋರಿಸುತ್ತಿತ್ತು.

ಪರದೆಯ ಮೇಲೆ ಕೀಲಿ ಅಜ್ಜಿ ಸೊಂಟದ ಗೊಂಚಲು ಬಿಚ್ಚಿ ಮೇಜಿನ ಮೇಲಿಟ್ಟಳು. ಮನೆಯವರೆಲ್ಲರ ಮುಖ ಒಂದೊಂದಾಗಿ ನೋಡಿದಳು. ತುಟಿ ತೆರೆಯಿತು, ಏನೋ ಒಂದು ಸಣ್ಣ ಮಾತು. ಆಮೇಲೆ ತಿರುಗಿ ಬಾಗಿಲ ಕಡೆ ನಡೆದಳು.

ಮಗಳು ಉಸಿರೆಳೆದುಕೊಂಡು ಅಂದಳು: "ಹೋಗ್ತೀನಿ."

ಗಾಜಿನ ಆಚೆ ಹೆಡ್‌ಫೋನು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಸ್ಪೀಕರಿನಲ್ಲಿ ಅವನ ದನಿ ಬಂತು: "ಅಮ್ಮನೇ. ಥೇಟ್ ಅಮ್ಮನೇ. ಕೂದಲೆಳೆ ವ್ಯತ್ಯಾಸ ಇಲ್ಲ. ತುಟಿನೂ ಕೂತಿದೆ. ಸಾಕಮ್ಮ, ಹೊರಡಿ, ನಿಮಗೆ ಕೈಮುಗೀತೀನಿ."

ಅವನು ರೆಕಾರ್ಡಾದ ಮಾತನ್ನು ಮತ್ತೆ ಹಾಕಿ ಕೇಳಿಸಿದ. ಅವತ್ತು ಬಾಗಿಲಲ್ಲಿ ಅವಳೇ ಆಡಿದ ಮಾತು, ಈಗ ಅಮ್ಮನ ಬಾಯಲ್ಲಿ. ಸಂಜೆ ಏಳಕ್ಕೆ ಇದು ಮನೆಮನೆಗೂ ಕೇಳಿಸುತ್ತದೆ. ಎದುರುಮನೆಯ ಅತ್ತೆಗೆ ಕೇಳಿಸುತ್ತದೆ. ಅಪ್ಪನಿಗೆ ಕೇಳಿಸುತ್ತದೆ.

"ಇನ್ನೊಂದ್ಸಲ ತೋರ್ಸಿ," ಎಂದಳು.

"ಟೈಮಿಲ್ಲಮ್ಮ."

"ಒಂದೇ ಸಲ. ದಮ್ಮಯ್ಯ."

ಅಜ್ಜಿ ಮತ್ತೆ ಕೀಲಿ ಇಟ್ಟಳು, ಮುಖಗಳನ್ನು ನೋಡಿದಳು, ತುಟಿ ತೆರೆದಳು, ತಿರುಗಿದಳು. ಹೆಜ್ಜೆ ಒಂದು, ಎರಡು, ಮೂರು. ಹೊಸ್ತಿಲವರೆಗೆ ಏಳು ಹೆಜ್ಜೆ. ಅಷ್ಟು ಹೊತ್ತೂ ಪರದೆಯ ತುಂಬ ಅವಳ ಬೆನ್ನು.

ಮಗಳು ಮುಷ್ಟಿ ಬಿಚ್ಚಿ, ಹಾಳೆಯ ಮಡಿಕೆ ಬಿಡಿಸಿ ನೋಡಿದಳು. "ನೋವಲ್ಲ ಇದು," ಎಂದಳು. "ಬೆನ್ನು ನೋಯ್ತಿದೆ ಅಂತ ಬರ್ದಿದ್ದಲ್ಲ ಅಮ್ಮ. ಎಲ್ಲಿ ಹೇಳ್ಬೇಕು ಅಂತ ಬರ್ದಿದ್ದು. ತುಟಿಗೆ 'ಹೋಗಿ' ಸಾಕು. ಉಳಿದದ್ದು ಬೆನ್ನಿನ ಮೇಲೆ."

ಹೆಡ್‌ಫೋನು ಪಿಳಿಪಿಳಿ ಕಣ್ಣು ಬಿಟ್ಟ. ಹದಿನೈದು ವರ್ಷ ಇದೇ ಕೆಲಸ ಮಾಡಿದವನಿಗೆ ಅದು ಹೊಳೆದಿರಲಿಲ್ಲ. "ಆದ್ರೆ ಅಜ್ಜಿ ವಾಪಸ್ ಬರಲ್ವಲ್ಲಮ್ಮ. ಕತೆನೇ ಮುಗೀತು."

"ಬರಲ್ಲ ಅಂತ ಗೊತ್ತಿದ್ರೂ ಮನೆ ಬಿಡೋವಾಗ ಹಾಗೇ ಅಲ್ವಾ ಅನ್ನೋದು?"

ನಾಲ್ಕೂವರೆ ದಾಟಿತ್ತು. ಅವನು ಗುಂಡಿ ಒತ್ತಿದ. ಅಜ್ಜಿಯ ತುಟಿ ತೆರೆದಾಗ ಮಗಳು "ಹೋಗಿ..." ಅಂದಳು. ಅದು ಅಮ್ಮನದೇ ದನಿ. ಅಜ್ಜಿ ತಿರುಗಿದಳು. ಒಂದು ಹೆಜ್ಜೆ, ಎರಡು, ಮೂರು. ನಾಲ್ಕನೆಯದಕ್ಕೆ ಗಂಟಲು ಒಡೆದು, ಐದು ವಾರದಿಂದ ಕಟ್ಟಿಕೊಂಡಿದ್ದದ್ದು ಹೊರಬಂತು: "ಬರ್ತೀನಿ."

ಅದರಲ್ಲಿ ಅಮ್ಮನ ದನಿ ಇರಲಿಲ್ಲ. ಒರಟಾಗಿ, ಬಿರುಕುಬಿಟ್ಟು, ಮೂಗಿನಲ್ಲಿ ಅಳು ತುಂಬಿಕೊಂಡ ಬೇರೆಯದೇ ದನಿ. ಮಗಳಿಗೇ ಅದು ಹೊಸದು. ಹೆಡ್‌ಫೋನು "ಕೊನೇದು ಸ್ವಲ್ಪ ಬೇರೆ ಥರ ಆಯ್ತು," ಅಂದ. ಗಡಿಯಾರ ನೋಡಿದ. "ಇರ್ಲಿ ಬಿಡಿ."

*

ಏಳು ಗಂಟೆಗೆ ಟೀವಿ ಹಾಕಬೇಕೋ ಬೇಡವೋ ಎಂದು ಮನೆಯಲ್ಲಿ ವಾದವಾಯಿತು. "ಸತ್ತ ಮನೇಲಿ ಸೀರಿಯಲ್ಲಾ?" ಎಂದು ಕೂಗಾಡಿದ ಚಿಕ್ಕಮ್ಮನೇ ಕೊನೆಗೆ ರಿಮೋಟು ಹುಡುಕಿದಳು. ಎದುರುಮನೆಯಾಕೆ ತನ್ನ ಅತ್ತೆಯನ್ನು ಕೈಹಿಡಿದು ಕರೆತಂದಳು. ಒಂಟಿಯಾಗಿ ನೋಡುವ ಧೈರ್ಯ ಆ ಮುದುಕಿಗೆ ಇರಲಿಲ್ಲ. ಎಲ್ಲರೂ ಒಳಗೆ ಬಂದ ಮೇಲೆ ಚಿಕ್ಕಮ್ಮ ಮತ್ತೆ ಚಿಲಕ ಏರಿಸಿದಳು.

ಅಮ್ಮನ ದನಿ ಹಾಲ್ ತುಂಬಿತು. ಗದರಿತು, ನಕ್ಕಿತು, ಮೊಮ್ಮಗಳಿಗೆ ಬುದ್ಧಿ ಹೇಳಿತು. ಅವಳು ಮಲಗಿದ್ದ ಜಾಗದಲ್ಲಿ ಈಗ ಬಾಡಿಗೆ ಕುರ್ಚಿಗಳಿದ್ದವು. ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಮಗಳು ಅಡುಗೆಮನೆಯ ಬಾಗಿಲಿಗೆ ಆತುಕೊಂಡು ನಿಂತಿದ್ದಳು. ಅಪ್ಪ ಟೀವಿಗೆ ಬೆನ್ನು ಮಾಡಿ, ಯಾವುದೋ ಪುಸ್ತಕದ ಬೆನ್ನಿಗೆ ದಾರ ಹಾಕುತ್ತಿದ್ದರು.

ಅಜ್ಜಿ ಕೀಲಿಗೊಂಚಲನ್ನು ಮೇಜಿನ ಮೇಲಿಟ್ಟಳು.

"ಬೇಡ ಕಣೇ, ಹೋಗ್ಬೇಡ," ಎಂದಳು ಎದುರುಮನೆಯ ಅತ್ತೆ, ಗಟ್ಟಿಯಾಗಿ.

"ಹೋಗಿ..." ಎಂದಿತು ಅಮ್ಮನ ದನಿ.

ಅಪ್ಪನ ಸೂಜಿ ನಿಂತಿತು. ಪರದೆಯ ಮೇಲೆ ಒಂದು ಹೆಜ್ಜೆ, ಎರಡು, ಮೂರು.

"ಬರ್ತೀನಿ."

ಅಪ್ಪ ತಲೆ ಎತ್ತಿದರು. ಟೀವಿಯತ್ತ ತಿರುಗಲಿಲ್ಲ, ಅಡುಗೆಮನೆಯ ಬಾಗಿಲಿನತ್ತ ತಿರುಗಿದರು. ಮಗಳನ್ನೇ ನೋಡಿದರು. ಎರಡು ದಿನ ಮಾತಿಲ್ಲದೆ ಒಣಗಿದ ಗಂಟಲು ಒಮ್ಮೆ ಕೆಮ್ಮಿತು.

"ಹೂಂ, ಬಾ."

ಮೇಜಿಗೆ ಕೈಯೂರಿ ಎದ್ದರು. ಕುರ್ಚಿಗಳ ನಡುವೆ ದಾರಿ ಮಾಡಿಕೊಂಡು ಮುಂಬಾಗಿಲವರೆಗೆ ಹೋದರು. ಚಿಕ್ಕಮ್ಮ "ಭಾವ, ಎಲ್ಲರೂ ಒಳಗೇ ಇದ್ದೀವಲ್ಲ," ಅಂದಳು. ಅಪ್ಪ ತುಕ್ಕು ಹಿಡಿದ ಚಿಲಕವನ್ನು ಎರಡು ಕೈಯಲ್ಲಿ ಹಿಡಿದು ಕೆಳಗಿಳಿಸಿ, ತಿರುಗಿ ಬಂದು ಸೂಜಿ ಎತ್ತಿಕೊಂಡರು. ಹೊರಗಿನ ಗಾಳಿಗೆ ಬಾಗಿಲು ಒಂದು ಗೇಣು ತೆರೆದುಕೊಂಡು ಹಾಗೇ ನಿಂತಿತು.